ಉತ್ತರ ಗೋಡೆಯ ಕಡೆಯ ಕಿಟಕಿ

ನಮ್ಮಪ್ಪ ಫ್ರೋಯ್ಲಾನ್ ಮೂವತ್ತೆಂಟು ವರ್ಷ ಕಿಟಕಿ ಮುಚ್ಚಿ ಸಂಸಾರ ಸಾಕಿದವನು. ಮ್ಯಾಡ್ರಿಡ್ ಕಡೆಯವರ ಮುಂದೆ ಹೀಗೆಂದರೆ ನಗುತ್ತಾರೆ. ನಗುವವರು ಒಮ್ಮೆ ನಮ್ಮೂರಿಗೆ ಬಂದು ಎಲ್ ಎಸ್ಕೊರಿಯಲ್ ಮುಂದೆ ನಿಂತು ಎಣಿಸಲಿ. ಅರ್ಧ ಅರಮನೆ, ಅರ್ಧ ಮಠ, ನಡುವೆ ಇಗರ್ಜಿ, ಅದರಡಿಯಲ್ಲಿ ರಾಜರ ಗೋರಿಗಳು. ಎಲ್ಲ ಸೇರಿ ಎರಡೂವರೆ ಸಾವಿರಕ್ಕೂ ಮಿಕ್ಕಿದ ಕಿಟಕಿಗಳು, ಒಳಗಿನಿಂದ ಒಂದೊಂದಕ್ಕೂ ಮರದ ಜೋಡಿ ಕದ. ಬೆಳಿಗ್ಗೆ ಬೇಕಾದಷ್ಟೇ ತೆರೆಯಬೇಕು, ಬಿಸಿಲು ಚಿತ್ರಗಳ ಮೇಲೆ ಬಿದ್ದರೆ ಓರೆ ಮಾಡಬೇಕು, ಸಂಜೆ ನೋಡಲು ಬಂದವರೆಲ್ಲ ಹೋದ ಮೇಲೆ ಒಂದೊಂದಾಗಿ ಮುಚ್ಚಿ ಅಗುಳಿ ಹಾಕಬೇಕು. ಅಪ್ಪನ ಪಾಲಿಗೆ ಬಂದಿದ್ದು ಅರವತ್ತೆರಡು ಕಿಟಕಿ. ಹಗಲಿಡೀ ಕೋಣೆ ಕಾಯುವುದು, ಸಂಜೆ ಅರವತ್ತೆರಡು ಅಗುಳಿ. ಅವನ ಬಲಗೈ ಹೆಬ್ಬೆರಳು ಕಡೆಯವರೆಗೂ ಸ್ವಲ್ಪ ಸೊಟ್ಟಗೇ ಇತ್ತು.

ಅಮ್ಮ ಕಾಂದೆಲಾಸ್ ಈ ಊರಿನವಳಲ್ಲ. ಗುಡ್ಡದಾಚೆ ಸೆಗೋವಿಯ ಕಡೆಯ ಕುರಿಯವರ ಹಳ್ಳಿಯಿಂದ ಸಾವಿರದ ಒಂಬೈನೂರ ಐವತ್ತೈದರಲ್ಲಿ ಮದುವೆಯಾಗಿ ಬಂದಳು. ನಮ್ಮೂರಿನವರು ತಮ್ಮನ್ನು ಗುಬ್ಬಿಮರಿಗಳೆಂದು ಕರೆದುಕೊಂಡು ಬೀಗುತ್ತಾರೆ. ಗುಬ್ಬಿಗಳು ಹೊರಗಿನ ಹಕ್ಕಿಯನ್ನು ಎಷ್ಟು ಬೇಗ ಗೂಡಿಗೆ ಸೇರಿಸಿಕೊಳ್ಳುತ್ತವೋ ಇವರೂ ಅಷ್ಟೇ ಬೇಗ. ಮೊದಲ ಚಳಿಗಾಲವಿಡೀ ಅಮ್ಮನ ಜೊತೆ ಬ್ರೆಡ್ಡಿನ ಅಂಗಡಿಯವಳು ಬಿಟ್ಟರೆ ಯಾರೂ ಎರಡು ಮಾತಾಡಲಿಲ್ಲವಂತೆ. ಮೇಜಿನ ಕೆಳಗೆ ಕೆಂಡದ ತಟ್ಟೆ ಇಟ್ಟುಕೊಂಡು, ಮೊಣಕಾಲಿಗೆ ಕಂಬಳಿ ಎಳೆದುಕೊಂಡು ಒಬ್ಬಳೇ ಕೂತು ಅಳುತ್ತಿದ್ದಳಂತೆ. ಅದನ್ನು ಅವಳೇ ಹೇಳಿದ್ದು, ಅದೂ ಬೈಗುಳದ ಜೊತೆ.

ನಮ್ಮ ಮನೆ ಮೇಲುಬೀದಿಯಲ್ಲಿ. ಅಡುಗೆಮನೆಯ ಪುಟ್ಟ ಬಾಲ್ಕನಿಯಲ್ಲಿ ನಿಂತರೆ ಕೆಳಗಿನ ಮನೆಗಳ ಹೆಂಚು ದಾಟಿ ಅರಮನೆಯ ಉತ್ತರದ ಗೋಡೆ ಪೂರ್ತಿ ಕಾಣುತ್ತದೆ. ಒಂದು ದಿನ ಅಪ್ಪ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿದ.

"ಮೂರನೇ ಸಾಲು, ಗೋಪುರದ ಪಕ್ಕದ್ದು. ದಿನಾ ಕಡೇಗೆ ಮುಚ್ಚೋದು ಅದನ್ನೇ. ಮುಚ್ಚೋಕೆ ಮುಂಚೆ ಧೂಳಿನ ಬಟ್ಟೆ ಹೊರಗೆ ಹಾಕಿ ಎರಡು ಸಲ ಕೊಡವ್ತೀನಿ. ಅದು ನಿಂಗೆ."

ಅವತ್ತಿನಿಂದ ಅಮ್ಮನ ದಿನಕ್ಕೆ ಒಂದು ಗಡಿಯಾರ ಸಿಕ್ಕಿತು. ಸಂಜೆ ಆ ಹೊತ್ತಿಗೆ ಬಾಲ್ಕನಿಯಲ್ಲಿ ನಿಲ್ಲುವುದು. ಗೋಡೆಯ ಕಿಟಕಿಗಳು ಸಾಲಾಗಿ ಮುಚ್ಚಿಕೊಳ್ಳುತ್ತ ಬರುತ್ತವೆ. ಕಡೆಯದರಲ್ಲಿ ಬಿಳಿ ಬಟ್ಟೆ ಎರಡು ಸಲ ಪಟಪಟಿಸಿ ಒಳಗೆ ಹೋಗುತ್ತದೆ. ಅಮ್ಮ ಕೈ ಬೀಸಿ ಒಳಗೆ ಬಂದು ಬೆಳ್ಳುಳ್ಳಿ ಸಾರಿಗೆ ಬ್ರೆಡ್ಡಿನ ಚೂರು ಹಾಕುತ್ತಾಳೆ, ಮೇಲೆ ಮೊಟ್ಟೆ ಒಡೆದು ಬಿಡುತ್ತಾಳೆ. ಅಪ್ಪ ಏರು ಹತ್ತಿ ಬಾಗಿಲು ತಟ್ಟುವ ಹೊತ್ತಿಗೆ ಮೊಟ್ಟೆ ಹದವಾಗಿ ಗಟ್ಟಿಯಾಗಿರುತ್ತಿತ್ತು. ನಾನು ಹುಟ್ಟಿ, ಬೆಳೆದು, ಮದುವೆಯಾಗಿ ಎರಡು ಬೀದಿ ಆಚೆಗೆ ಹೋಗುವವರೆಗೂ ಈ ಲೆಕ್ಕ ತಪ್ಪಿದ್ದು ನಾನು ಕಂಡಿಲ್ಲ.

ಅಪ್ಪ ಒಳಗೆ ಬಂದವನೇ ಕೋಟು ನೇತುಹಾಕುತ್ತ ಹೇಳುತ್ತಿದ್ದ, ಇವತ್ತು ಕಂದು ಶಾಲು ಹೊದ್ದಿದ್ದೆ ಅಲ್ವಾ, ಇವತ್ತು ಮಗೂನ ಎಡಗಡೆ ಎತ್ಕೊಂಡಿದ್ದೆ, ಇವತ್ತು ಯಾಕೋ ತಡವಾಗಿ ಬಂದೆ ಅಂತ. ಅಷ್ಟು ದೂರದಿಂದ ಅವನಿಗೆ ಕಂಡಿತಲ್ಲ ಎಂದು ಅಮ್ಮನಿಗೆ ಕೊನೆಯಿಲ್ಲದ ಹೆಮ್ಮೆ. ಪಕ್ಕದ ಮನೆಯವಳ ಗಂಡನಿಗೆ ಎದುರಿಗೆ ಕೂತ ಹೆಂಡತಿಯೇ ಕಾಣುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದಳು.

ಅರವತ್ತಮೂರರ ಫೆಬ್ರವರಿಯ ಮಾತಂತೂ ನಮ್ಮ ಮನೆಯಲ್ಲಿ ಪುರಾಣವೇ ಆಗಿಹೋಗಿದೆ. ನನಗಾಗ ಐದು ವರ್ಷ. ಅಮ್ಮ ಹಿತ್ತಲಲ್ಲಿ ಬಟ್ಟೆ ತೆಗೆಯಲು ಹೋಗಿ ಹಿಮದ ಮೇಲೆ ಜಾರಿ ಬಿದ್ದಳು. ಕಾಲು ಮುರಿದಿತ್ತು, ಏಳಲಾಗಲಿಲ್ಲ. ನಾನು ಒಳಗೆ ನಿದ್ದೆ ಮಾಡುತ್ತಿದ್ದೆ. ಅಪ್ಪ ಕೋಟಿಲ್ಲದೆ, ಟೋಪಿಯಿಲ್ಲದೆ, ಹಿಮದಲ್ಲಿ ಆ ಏರನ್ನು ಓಡಿಕೊಂಡು ಬಂದ. ಎಂದಿಗಿಂತ ಕಾಲು ಗಂಟೆ ಮುಂಚೆ. ಇನ್ನು ಸ್ವಲ್ಪ ತಡವಾಗಿದ್ದರೆ ಚಳಿಗೇ ಸತ್ತುಹೋಗುತ್ತಿದ್ದಳೆಂದು ಡಾಕ್ಟರು ಹೇಳಿದರು. ನಿನಗೆ ಹೇಗೆ ಗೊತ್ತಾಯಿತು ಎಂದು ಅಮ್ಮ ಕೇಳಿದಾಗ ಅಪ್ಪ, ಕಿಟಕಿಯಿಂದ ನೀನು ಕಾಣಲಿಲ್ಲ, ಅಷ್ಟೇ ಎಂದಿದ್ದ.

ಇಷ್ಟಾದರೂ ಅಮ್ಮ ಅರಮನೆಯೊಳಗೆ ಕಾಲಿಟ್ಟವಳಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ. ದೂರದ ದೇಶಗಳಿಂದ ಜನ ಬಸ್ಸು ತುಂಬಿಕೊಂಡು ಬಂದು ನೋಡುತ್ತಾರೆ, ಅದರ ನೆರಳಲ್ಲೇ ಸೈಕಲ್ಲು ಕಲಿತ ನಾವು ನಾಳೆ ನೋಡಿದರಾಯಿತು ಎನ್ನುತ್ತೇವೆ. ಆದರೆ ಅಮ್ಮನಿಗೆ ಒಂದೇ ಒಂದು ಆಸೆಯಿತ್ತು. ಆ ಕಿಟಕಿಯಲ್ಲಿ ನಿಂತು ನಮ್ಮ ಬಾಲ್ಕನಿ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕು. ಕೇಳಿದಾಗಲೆಲ್ಲ ಅಪ್ಪನಿಗೆ ಏನಾದರೊಂದು ಅಡ್ಡಿ. ಈ ವಾರ ಜನ ಜಾಸ್ತಿ, ಈ ತಿಂಗಳು ಆ ಕೋಣೆಯ ನೆಲ ರಿಪೇರಿ, ಒಳಗೆ ಹೊರಗಿಗಿಂತ ಚಳಿ, ನಿನ್ನ ಕಾಲಿಗೆ ಮೆಟ್ಟಿಲು ಆಗುವುದಿಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ಶಾಲೆಯವರ ಜೊತೆ ಒಳಗೆ ಹೋಗಿದ್ದೆ. ಅಪ್ಪ ಸಿಕ್ಕಿದ್ದು ಪೂರ್ವದ ಕಡೆಯ ಕೋಣೆಯಲ್ಲಿ. ಅಮ್ಮನ ಕಿಟಕಿ ಎಲ್ಲಿ ಅಂದೆ. ಇವತ್ತು ಬೇರೆಯವರ ಬದಲಿಗೆ ಬಂದಿದೀನಿ ಎಂದು ಹೇಳಿ ಜೇಬಿನಿಂದ ಸಕ್ಕರೆ ಬಾದಾಮಿ ತೆಗೆದು ನನ್ನ ಕೈಗೆ ಹಾಕಿದ. ಊಟಕ್ಕೆ ಮುಂಚೆ ಬಾದಾಮಿ ಕೊಟ್ಟದ್ದು ಅಮ್ಮನಿಗೆ ಹೇಳಬೇಡ ಅಂದ. ನಾನು ಹೇಳಲಿಲ್ಲ. ಬಾದಾಮಿಯ ಜೊತೆ ಪೂರ್ವದ ಕೋಣೆಯೂ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಎಂಬತ್ತೊಂಬತ್ತರಲ್ಲಿ ಅಪ್ಪ ನಿವೃತ್ತನಾದ. ಆಮೇಲೆ ಪ್ರತಿದಿನ ಸಂಜೆ ಅದೇ ಹೊತ್ತಿಗೆ ಅಮ್ಮನನ್ನು ಎಬ್ಬಿಸಿಕೊಂಡು ಕಾಡಿನ ದಾರಿಯಲ್ಲಿ ವಾಕಿಂಗ್ ಹೊರಡುತ್ತಿದ್ದ. ಮಳೆ ಬರಲಿ, ಗಾಳಿ ಬೀಸಲಿ, ಆ ಹೊತ್ತಿಗೆ ಮನೆಯಲ್ಲಿ ಇರಬಾರದು. ಅಮ್ಮ ಗೊಣಗುತ್ತ ಹೋಗುತ್ತಿದ್ದಳು, ವರ್ಷಗಟ್ಟಲೆ ಮನೆ ಕಾದಿದ್ದಕ್ಕೆ ಈಗ ಮರ ಕಾಯಿಸುತ್ತಿದ್ದಾನೆ ಅಂತ. ಒಳಗೊಳಗೇ ಅವಳಿಗೆ ಅದು ಇಷ್ಟವಾಗಿತ್ತು. ಐದು ವರ್ಷ ಹೀಗೆ ನಡೆದರು. ತೊಂಬತ್ತನಾಲ್ಕರ ಅಕ್ಟೋಬರಿನಲ್ಲಿ, ಕಾಡಿನಲ್ಲಿ ಚೆಸ್ಟ್‌ನಟ್ ಕಾಯಿ ಉದುರುವ ಕಾಲದಲ್ಲಿ, ಅಪ್ಪ ತೀರಿಕೊಂಡ.

ಅಮ್ಮ ಅಡುಗೆಮನೆಯ ಬಾಲ್ಕನಿಯ ಬಾಗಿಲು ಹಾಕಿದಳು. ಐದು ತಿಂಗಳು ತೆಗೆಯಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡು ಅಡುಗೆ ಮಾಡುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ.

ಮಾರ್ಚಿನಲ್ಲಿ ಒಂದು ಸಂಜೆ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಅಮ್ಮ ಮನೆಯ ಚಪ್ಪಲಿಯಲ್ಲೇ ಬಂದು ನಿಂತಳು. ತಲೆಗೆ ಸ್ಕಾರ್ಫು ಸಹ ಇಲ್ಲ. ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ದಾಟಿ ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಹೇಳಿದಳು.

"ಎಲ್ವಿರ, ಕಂಬಳಿ ಒಣಗಿಸೋಣ ಅಂತ ಬಾಗಿಲು ತೆಗೆದೆ. ನಿಮ್ಮಪ್ಪ ಬಟ್ಟೆ ಕೊಡವಿದ."

 ಅಮ್ಮನ ತಲೆ ಕೆಟ್ಟಿತಲ್ಲಪ್ಪ ಎಂದುಕೊಂಡೆ. ಮರುದಿನ ಸಂಜೆ ರಜೆ ಹಾಕಿ ಅವಳ ಪಕ್ಕ ಬಾಲ್ಕನಿಯಲ್ಲಿ ನಿಂತೆ. ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಮೂರನೇ ಸಾಲು, ಗೋಪುರದ ಪಕ್ಕದ್ದು. ಬಿಳಿ ಬಟ್ಟೆ ಹೊರಗೆ ಬಂತು. ಒಂದು. ಎರಡು. ಒಳಗೆ ಹೋಯಿತು.

ಅಮ್ಮನ ಮುಖ ನೋಡಿದೆ. ಹೆದರಿದ ಮುಖವಲ್ಲ ಅದು, ಲೆಕ್ಕ ಹಾಕುವ ಮುಖ. ಸತ್ತವನು ಬಂದಿದ್ದಾನೆ ಎನ್ನೋಣವೆಂದರೆ ಅವನಿಗೆ ಕಡೆಯ ಅಂಗಿ ತೊಡಿಸಿದವಳು ಅವಳೇ. ಹಾಗಾದರೆ ಅದು ಇನ್ನೊಬ್ಬರ ಕೈ. ಇವತ್ತು ಇನ್ನೊಬ್ಬರ ಕೈಯಾದರೆ ಅವತ್ತು ಅವನದೇ ಎಂದು ಯಾರು ಹೇಳಿದರು? ಇಷ್ಟನ್ನೂ ಅವಳು ಬೆರಳು ಮಡಚಿ ಮಡಚಿ ನನಗೆ ಹೇಳಿದಳು. ಆಮೇಲೆ ಕುರ್ಚಿಯ ಮೇಲೆ ಕೂತುಬಿಟ್ಟಳು.

"ನಿಜ ಗೊತ್ತಾಗ್ಬೇಕು ನಂಗೆ," ಅಂದಳು. "ಅದು ಅವನ ಕೈ ಹೌದೋ ಅಲ್ವೋ. ಗೊತ್ತಾಗ್ದೆ ಅವನ ಗೋರಿಗೆ ಹೂವು ಇಡೋಕೆ ಹೋಗಲ್ಲ ನಾನು."

ಹೀಗೆ ನಮ್ಮಮ್ಮ ತನ್ನ ಅರವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಎಲ್ ಎಸ್ಕೊರಿಯಲ್ ನೋಡಲು ಹೊರಟಳು. ಚರ್ಚಿಗೆ ಹಾಕುವ ಕಪ್ಪು ಕೋಟು, ಕಿವಿಗೆ ಮದುವೆಯ ಓಲೆ, ಕಂಕುಳಲ್ಲಿ ಬ್ಯಾಗು. ಟಿಕೆಟ್ಟಿನ ಸಾಲಿನಲ್ಲಿ ಜಪಾನಿನವರ ಹಿಂದೆ ನಿಂತಳು. ಊರಿನವರು ಯಾರಾದರೂ ನೋಡಿಯಾರು ಎಂದು ನನಗೆ ನಾಚಿಕೆ, ಅವಳಿಗೆ ಅದ್ಯಾವುದೂ ಇರಲಿಲ್ಲ. ಒಳಗೆ ಬಂದ ಮೇಲೆ ಯಾವುದಕ್ಕೂ ಬೆರಗಾಗಲಿಲ್ಲ. ಅಷ್ಟೆತ್ತರದ ಗುಮ್ಮಟದ ಕೆಳಗೆ ನಿಂತು, ಇದನ್ನ ಬೆಚ್ಚಗೆ ಮಾಡೋಕೆ ಎಷ್ಟು ಕಟ್ಟಿಗೆ ಬೇಕೋ ಅಂದಳು. ಇದನ್ನೆಲ್ಲ ಕಟ್ಟಿಸಿದ ರಾಜನ ಮಲಗುವ ಕೋಣೆಗೆ ಬಂದಾಗ ಮಾತ್ರ ಸ್ವಲ್ಪ ಹೊತ್ತು ನಿಂತಳು. ಪುಟ್ಟ ಕೋಣೆ, ಪುಟ್ಟ ಮಂಚ, ಮಲಗಿದಲ್ಲಿಂದಲೇ ಇಗರ್ಜಿಯ ಪೂಜೆ ಕಾಣಲೆಂದು ಗೋಡೆಯಲ್ಲಿ ಒಂದು ಕಿಂಡಿ.

"ಇಷ್ಟು ದೊಡ್ಡ ಮನೆ ಕಟ್ಕೊಂಡು ಈ ಮೂಲೇಲಿ ಮಲಗ್ತಿದ್ನಾ," ಅಂದಳು. "ಪಾಪ."

ಅದರಾಚೆಯದೇ ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪನನ್ನು ಕಂಡ ಪೂರ್ವದ ಕೋಣೆ. ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲೇ ಹೇಳಿಬಿಟ್ಟೆ. ಅಮ್ಮ ಕಿಟಕಿಯ ಹತ್ತಿರ ಹೋದಳು. ಕೆಳಗೆ ಕತ್ತರಿಸಿದ ಗಿಡಗಳ ತೋಟ, ಆಚೆಗೆ ಬಯಲು, ಬಲು ದೂರದಲ್ಲಿ ಮ್ಯಾಡ್ರಿಡ್ಡಿನ ಮಬ್ಬು. ನಮ್ಮೂರಿನ ಒಂದು ಹೆಂಚೂ ಅಲ್ಲಿಂದ ಕಾಣುವುದಿಲ್ಲ. ಅವಳು ಕಬ್ಬಿಣದ ಅಗುಳಿಯನ್ನು ಮುಟ್ಟಿದಳು. ಬಲಗೈ ಹೆಬ್ಬೆರಳು ಬೀಳುವ ಜಾಗ ಸವೆದು ಹೊಳೆಯುತ್ತಿತ್ತು. ಕೈ ತೆಗೆದುಕೊಂಡಳು.

ಉತ್ತರದ ಕೋಣೆಗಳಿಗೆ ನಾವು ಬರುವಾಗ ಮುಚ್ಚುವ ಹೊತ್ತು. ಗೋಡೆ ತುಂಬ ನೇಯ್ದ ಚಿತ್ರಗಳಿದ್ದ ಕಡೆಯ ಕೋಣೆಯಲ್ಲಿ ಕಾವಲಿಗಿದ್ದವಳು ಒಬ್ಬ ಹುಡುಗಿ, ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು, ಎದೆಯ ಮೇಲಿನ ಚೀಟಿಯಲ್ಲಿ ಬೆಗೊನ್ಯ ಎಂದಿತ್ತು. ಹೊರಡಬೇಕು, ಸಮಯವಾಯಿತು ಎಂದು ನಯವಾಗಿ ಹೇಳಿದಳು. ಅಮ್ಮ ಜಗ್ಗಲಿಲ್ಲ. ಕಾಲು ನೋವು, ಎರಡು ನಿಮಿಷ ಎಂದು ಸುಳ್ಳು ಹೇಳಿ ಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತಳು. ಹುಡುಗಿ ಕಿಟಕಿಗಳನ್ನು ಮುಚ್ಚುತ್ತ ಹೋದಳು. ಕಡೆಯದಕ್ಕೆ ಬಂದು, ಗಾಜಿನ ಕದ ತೆರೆದು, ಸೊಂಟದಿಂದ ಬಿಳಿ ಬಟ್ಟೆ ತೆಗೆದು ಹೊರಗೆ ಎರಡು ಸಲ ಕೊಡವಿದಳು.

ಯಾಕಮ್ಮ ಹಾಗೆ ಮಾಡಿದೆ ಎಂದು ಅಮ್ಮ ಕೇಳಿದಳು. 

ಯಾರೋ ಕೇಳಿದರಲ್ಲ ಎಂದು ಹುಡುಗಿಗೆ ಖುಷಿ. ಈ ಕೋಣೆಯ ಪದ್ಧತಿಯೇ ಹಾಗೆ ಅಂದಳು. ಐದು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅವಳಿಗಿಂತ ಮುಂಚೆ ಇದ್ದವನು ಕೀಲಿ ಕೊಡುತ್ತ ಹೇಳಿಕೊಟ್ಟಿದ್ದನಂತೆ, ಅವನಿಗೆ ಅವನಿಗಿಂತ ಮುಂಚಿನವನು.

"ಇದು ಕಾಂದೆಲಾಸಳ ಕಿಟಕಿ, ಸೆನ್ಯೊರಾ. ಎರಡು ಸಲ ಬಟ್ಟೆ ಕೊಡವಿಯೇ ಮುಚ್ಚಬೇಕಂತೆ. ಯಾವುದೋ ರಾಣಿಯ ದಾದಿ ಇರಬೇಕು ಅವಳು. ಪುಸ್ತಕದಲ್ಲೆಲ್ಲ ಹುಡುಕ್ದೆ, ಸಿಗಲಿಲ್ಲ."

ಶಾಲೆಯ ಮಕ್ಕಳು ಬಂದಾಗ ಬೇಟೆಗೆ ಹೋದ ರಾಜಕುಮಾರನಿಗೆ ಕಾಂದೆಲಾಸ್ ಎಂಬ ದಾದಿ ಇಲ್ಲಿಂದ ಸನ್ನೆ ಮಾಡುತ್ತಿದ್ದಳು ಎಂದು ಕತೆಯನ್ನೂ ಕಟ್ಟಿ ಹೇಳಿದ್ದಳಂತೆ. ಅದನ್ನು ಒಪ್ಪಿಕೊಳ್ಳುವಾಗ ಅವಳ ಕಿವಿ ಕೆಂಪಾದವು.

ಅಮ್ಮ ಗೋಡೆ ಬಿಟ್ಟು ಕಿಟಕಿಯ ಹತ್ತಿರ ನಡೆದಳು.

"ನಾನೇ ಕಾಂದೆಲಾಸ್," ಅಂದಳು.

ಬೆಗೊನ್ಯ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಆ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ಅಮ್ಮನಿಗೆ ಜಾಗ ಬಿಟ್ಟಳು. ಅಮ್ಮ ಕಿಟಕಿಯಲ್ಲಿ ನಿಂತು ಏರಿನ ಮೇಲೆ ನಮ್ಮ ಬಾಲ್ಕನಿ ಹುಡುಕಿದಳು. ಹೆಂಚುಗಳ ನಡುವೆ ಬೆಂಕಿಪೊಟ್ಟಣದಷ್ಟು ಕಂಡಿತು. ಅಲ್ಲಿ ಯಾರೂ ಇರಲಿಲ್ಲ. ಇನ್ಯಾರಿರುತ್ತಾರೆ, ಅವಳು ಇಲ್ಲಿದ್ದಳಲ್ಲ.

ಹೊರಗೆ ಬಂದ ಮೇಲೆ ಅವಳಿಗೆ ಕೋಪ ಏರಿತು. ಅರಮನೆ ಮುಂದಿನ ಕಲ್ಲುಹಾಸಿನ ಬಯಲಿನಲ್ಲಿ ಮುದುಕರು ಕೂರುವ ಕಟ್ಟೆಯಿದೆ. ಅಲ್ಲಿ ಅಪ್ಪನ ಹಳೆಯ ಜೊತೆಗಾರ ದೆಮೆತ್ರಿಯೊ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದ. ಉತ್ತರದ ಕೋಣೆಗಳಲ್ಲಿ ಇಪ್ಪತ್ತು ವರ್ಷ ಇದ್ದವನು, ಮೊಲ ಬೇಟೆಯಲ್ಲಿ ಹೆಸರು ಮಾಡಿದವನು. ಅಮ್ಮ ಕಪ್ಪು ಕೋಟಿನಲ್ಲಿ ಆ ಬಾಗಿಲಿನಿಂದ ಬರುವುದು ನೋಡಿದವನೇ ಎದ್ದು ನಿಂತ, ಓಡಿಹೋಗುವ ವಯಸ್ಸಲ್ಲದ್ದರಿಂದ ಮತ್ತೆ ಕೂತ.

"ಎಷ್ಟು ವರ್ಷ?" ಅಂದಳು ಅಮ್ಮ.

"ಐವತ್ತೇಳರಿಂದ," ಅಂದ ಅವನು.

"ಮೂವತ್ತೆರಡು ವರ್ಷ ಕಂಡೋರ ಗಂಡಂದಿರಿಗೆ ಕೈ ಬೀಸಿದೀನಿ ನಾನು. ಇಡೀ ಊರಿಗೆ ಗೊತ್ತು, ನಂಗೊಬ್ಬಳಿಗೆ ಗೊತ್ತಿಲ್ಲ."

ಅದು ನಿಜ. ಯಾರು ಯಾವ ಮಾತ್ರೆ ಕೊಂಡರೆಂದು ಸಂಜೆಯೊಳಗೆ ಮೂರು ಬೀದಿಗೆ ಹಬ್ಬಿಸುವ ಊರು ಇದೊಂದನ್ನು ಮೂವತ್ತೆರಡು ವರ್ಷ ಬಾಯಿ ಕಟ್ಟಿಕೊಂಡು ಕಾದಿತ್ತು. ಹೊರಗಿನವಳೆಂದು ಮಾತಾಡಿಸದೆ ಇದ್ದವರೂ ಕಾದಿದ್ದರು.

ದೆಮೆತ್ರಿಯೊ ತಡವರಿಸುತ್ತ ಹೇಳಿದ. ಮದುವೆಯಾಗಿ ಎರಡು ವರ್ಷಕ್ಕೆ ಅಪ್ಪನನ್ನು ಪೂರ್ವದ ಕೋಣೆಗಳಿಗೆ ಹಾಕಿದರು. ಆಗ ಅಮ್ಮ ಬಸುರಿ, ನಾನು ಹೊಟ್ಟೆಯಲ್ಲಿದ್ದೆ. ಈ ಊರಿನಲ್ಲಿ ಅವಳಿಗೆ ತನ್ನದು ಅಂತ ಇರುವುದು ಆ ಕಿಟಕಿಯೊಂದೇ, ಹೆರಿಗೆಯಾಗುವವರೆಗೆ ನೀನು ಬಟ್ಟೆ ಕೊಡವು ಎಂದು ಅಪ್ಪ ಅವನ ಕೈ ಹಿಡಿದು ಕೇಳಿಕೊಂಡನಂತೆ. ಎರಡೇ ತಿಂಗಳ ಮಾತು.

"ಹೆರಿಗೆ ಆಯ್ತಲ್ಲ," ಅಂದಳು ಅಮ್ಮ. "ಆಮೇಲೆ?"

"ಆಮೇಲೆ ನೀನು ಮಗೂನ ಎತ್ಕೊಂಡು ಬಂದು ನಿಂತೆ ಕಾಂದೆಲಾಸ್. ಅದರ ಕೈ ಹಿಡಿದು ಬೀಸ್ದೆ. ನಾನು ನೋಡ್ದೆ. ಇನ್ನು ಯಾವತ್ತು ನಿಲ್ಸೋದು, ನೀನೇ ಹೇಳು."

ಅಮ್ಮ ಕಟ್ಟೆಯ ತುದಿಯಲ್ಲಿ ಕೂತಳು. ಅವನು ತನ್ನಷ್ಟಕ್ಕೆ ಮುಂದುವರಿಸಿದ. ಅಪ್ಪ ಪೂರ್ವದ ಅರವತ್ತೆರಡು ಕಿಟಕಿ ಮುಚ್ಚಿ ಮೆಟ್ಟಿಲಿನ ಬುಡಕ್ಕೆ ಓಡಿ ಬಂದು ನಿಲ್ಲುತ್ತಿದ್ದನಂತೆ. ದೆಮೆತ್ರಿಯೊ ಇಳಿಯುವುದನ್ನೇ ಕಾಯುತ್ತಿದ್ದನಂತೆ. ಕೇಳುತ್ತಿದ್ದದ್ದು ಒಂದೇ ಮಾತು.

"ಇದ್ದಳಾ? ಅಂತ ಕೇಳೋನು. ಇದ್ದಳು, ಕಂದು ಶಾಲು ಅಂತಿದ್ದೆ. ಆಮೇಲೇನೇ ಅವನು ಕೋಟು ಹಾಕ್ಕೊಳ್ತಿದ್ದಿದ್ದು. ಒಂದು ದಿನಾನೂ ಕೇಳದೆ ಹಾಕ್ಕೊಂಡೋನಲ್ಲ." ಮತ್ತೆ ಹೇಳಿದ, "ಅರವತ್ತಮೂರರಲ್ಲಿ ಒಂದು ಸಲ ಇಲ್ಲ ಕಣೋ, ಇವತ್ತು ಕಾಣ್ಲಿಲ್ಲ ಅಂದೆ. ಬಾಗಿಲಾಚೆ ಹಿಮ. ಕೋಟು ಮೊಳೆ ಮೇಲೇ ಇತ್ತು. ಮಾರನೇ ದಿನ ನಾನೇ ನಿಮ್ಮನೆಗೆ ತಂದ್ಕೊಟ್ಟೆ, ನೆನಪಿದ್ಯಾ?"

ಅಮ್ಮನಿಗೆ ನೆನಪಿತ್ತು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ದೆಮೆತ್ರಿಯೊ ಬಾಗಿಲಲ್ಲಿ ಕೋಟು ಹಿಡಿದು ನಿಂತಿದ್ದ. ಅವಳು ಆ ಕಟ್ಟೆಯ ಮೇಲೆ, ಹೋಗಿಬರುವವರ ಮುಂದೆ, ಬ್ಯಾಗನ್ನು ಮುಖಕ್ಕೆ ಹಿಡಿದುಕೊಂಡು ಅತ್ತಳು. ಅಪ್ಪ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ದೆಮೆತ್ರಿಯೊನ ತೋಳಿಗೆ ಒಂದು ಗುದ್ದು ಕೊಟ್ಟಳು. ನನ್ನ ಹಸಿರು ಶಾಲನ್ನ ಫ್ರೋಯ್ಲಾನ್ ಯಾವತ್ತೂ ನೀಲಿ ಅಂತಲೇ ಹೇಳ್ತಿದ್ನಲ್ಲ, ಅದು ನಿನ್ನ ಕಣ್ಣಿನ ದೋಷವಾ ಎಂದು ಕೇಳಿದಳು.

ಏರು ಹತ್ತುವ ಮುಂಚೆ ಅವಳು ನನ್ನನ್ನು ಕಟ್ಟೆಯಲ್ಲಿ ಬಿಟ್ಟು ಹಿಂದಕ್ಕೆ ಹೋದಳು. ಕೆಲಸ ಮುಗಿಸಿ ಹೊರಗೆ ಬರುತ್ತಿದ್ದ ಬೆಗೊನ್ಯಳನ್ನು ಬಾಗಿಲಲ್ಲೇ ಹಿಡಿದಳು. ಏನು ಮಾತಾಡಿದರೆಂದು ನನಗೆ ಕೇಳಿಸಲಿಲ್ಲ. ಹುಡುಗಿ ಸೋರಿಯದ ಕಡೆಯವಳು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ, ಈ ಊರಿನಲ್ಲಿ ಇನ್ನೂ ಯಾರೂ ಊಟಕ್ಕೆ ಕರೆದಿಲ್ಲ, ರಾತ್ರಿಗೆ ತಣ್ಣನೆ ಬ್ರೆಡ್ಡು ತಿನ್ನುತ್ತಾಳೆ ಎಂಬ ವರದಿಯನ್ನು ಅಮ್ಮ ದಾರಿಯುದ್ದಕ್ಕೂ ಒಪ್ಪಿಸಿದಳು. ಗುಬ್ಬಿಮರಿಗಳಿಗೆ ಬುದ್ಧಿ ಬರುವುದೇ ಇಲ್ಲ ಎಂದೂ ಸೇರಿಸಿದಳು.

ಮರುದಿನ ಬೆಳಿಗ್ಗೆ ಅಪ್ಪನ ಗೋರಿಗೆ ಹೂವು ಇಟ್ಟು ಬಂದೆವು. ಸಂಜೆ ಅವಳು ಪೆಟ್ಟಿಗೆಯ ತಳದಿಂದ ಕಂದು ಶಾಲು ತೆಗೆದಳು, ಹುಳ ತಿಂದ ತೂತುಗಳ ಸಮೇತ. ಬಾಲ್ಕನಿಯಲ್ಲಿ ನಿಂತಳು. ನಾನು ಒಲೆಯ ಮುಂದೆ ನಿಂತಿದ್ದೆ. ಅವಳು ಕೈ ಎತ್ತಿ ಎರಡು ಸಲ ಬೀಸಿದ್ದು ಬೆನ್ನ ಕಡೆಯಿಂದ ಕಂಡಿತು. ತಿರುಗದೆಯೇ, ಬ್ರೆಡ್ ಹಾಕು ಎಲ್ವಿರ ಅಂದಳು. ಹಾಕಿದೆ. ಮೊಟ್ಟೆಗಳನ್ನು ಅವಳೇ ಬಂದು ಒಡೆದಳು, ಮೂರು.

ಸ್ವಲ್ಪ ಹೊತ್ತಿಗೆ ಏರಿನಲ್ಲಿ ಹೆಜ್ಜೆಯ ಸದ್ದು, ಬಾಗಿಲು ತಟ್ಟಿದ ಸದ್ದು. ಬೆಗೊನ್ಯ ಏದುಸಿರು ಬಿಡುತ್ತ ಒಳಗೆ ಬಂದು ಕೋಟು ಎಲ್ಲಿ ಹಾಕಲೆಂದು ನೋಡಿದಳು. ಅಪ್ಪನ ಮೊಳೆ ಐದು ತಿಂಗಳಿನಿಂದ ಖಾಲಿಯಿತ್ತು, ಅಮ್ಮ ಅದನ್ನು ತೋರಿಸಿದಳು. ಆಮೇಲೆ ಸೌಟು ಕೈಯಲ್ಲೇ ಹಿಡಿದುಕೊಂಡು, ಒಲೆಯ ಕಡೆ ಮುಖ ಮಾಡಿಕೊಂಡು ಕೇಳಿದಳು.

"ಇದ್ದೆನಾ ನಾನು?"

"ಇದ್ರಿ ಸೆನ್ಯೊರಾ," ಅಂದಳು ಹುಡುಗಿ. "ಕಂದು ಶಾಲು ಹೊದ್ಕೊಂಡು ಇದ್ರಿ."

ಅಮ್ಮ ತಲೆಯಾಡಿಸಿ ತಟ್ಟೆಗಳಿಗೆ ಸಾರು ಬಡಿಸಿದಳು.